ಇರುವೆ ಮೇವಿನ ಹುಳ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸಾಕಿದ ಇರುವೆಗಳಲ್ಲಿ ಏನಾದರೂ ಎಡವಟ್ಟು ಕಂಡರೆ ನಮ್ಮ ಕಣ್ಣು ಮೊದಲು ಗೂಡಿನ ಕಡೆ ಹೋಗುತ್ತದೆ. ತೇವ ಕಡಿಮೆಯಾಯ್ತಾ, ಬಿಸಿ ಜಾಸ್ತಿಯಾಯ್ತಾ, ರಾಣಿ ಸರಿಯಿದ್ದಾಳಾ ಅಂತ ನೋಡುತ್ತೇವೆ. ಅದಕ್ಕಿಂತ ಮೊದಲು ಮೇವಿನ ಹುಳದ ಡಬ್ಬಿ ತೆಗೆದು ನೋಡಿ ಅಂತ ನಾನು ಹೇಳುತ್ತೇನೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗಂತೂ ಇದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಒಂದು ಕಡೆ ಔಷಧಿ ಹೊಡೆಯಲು ಹತ್ತು ಸಲ ಯೋಚಿಸುವ ಹಿಪ್ಪುನೇರಳೆ ತೋಟ, ಬದುವಿನ ಆಚೆಗೇ ಔಷಧಿ ತಪ್ಪದ ಟೊಮೆಟೊ. ಹುಳ ಯಾವ ಕಡೆಯಿಂದ ಬಂತು ಅನ್ನುವುದು ಗೊತ್ತಾದರೆ ಅರ್ಧ ಪತ್ತೆ ಆದಂತೆ.

ಪರೀಕ್ಷೆಗೆ ದೊಡ್ಡ ಸಾಮಾನು ಬೇಡ. ಟಾರ್ಚ್, ಭೂತಗನ್ನಡಿ, ಒಂದು ಕಪ್ಪು ಹಾಳೆ, ಚಿಮುಟ ಇದ್ದರೆ ಸಾಕು. ಜೊತೆಗೆ ಮೂಗು.

ಹುಳ ಹಾಕಿದರೂ ಇರುವೆ ಮೂಸಿ ನೋಡಿ ವಾಪಸ್ ಹೋಗುತ್ತವೆ

ಜಾಸ್ತಿ ಜನ ಕೇಳುವುದು ಇದನ್ನೇ. ಬಹುಪಾಲು ಸಲ ಇದು ರೋಗವೇ ಅಲ್ಲ.

ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು. ಗೂಡಿನಲ್ಲಿ ಮರಿಹುಳ ಇವೆಯಾ ನೋಡಿ. ಪೂರ್ತಿ ಬೆಳೆದ ಇರುವೆಗಳು ಗಟ್ಟಿ ಆಹಾರ ನುಂಗುವುದಿಲ್ಲ. ಅವುಗಳ ನಡ ಅಷ್ಟು ಸಣ್ಣ. ರಸ ಹೀರಿ ಬದುಕುತ್ತವೆ, ಓಡಾಡುವ ಶಕ್ತಿಗೆ ಸಕ್ಕರೆ ನೀರು ಸಾಕು. ಹುಳದ ಪ್ರೋಟೀನ್ ಬೇಕಾಗುವುದು ಮುಖ್ಯವಾಗಿ ಬೆಳೆಯುವ ಮರಿಗಳಿಗೆ ಮತ್ತು ಮೊಟ್ಟೆ ಇಡುವ ರಾಣಿಗೆ. ಗೂಡಿನಲ್ಲಿ ಬರೀ ಮೊಟ್ಟೆ, ಪ್ಯೂಪ (ಮರಿ ಇರುವೆಯಾಗುವ ಮೊದಲಿನ, ಏನೂ ತಿನ್ನದ ಹಂತ) ಇದ್ದರೆ ಹುಳ ಅಷ್ಟಾಗಿ ಬೇಡ. ಒಂದೆರಡು ವಾರ ಬಿಟ್ಟು ಮತ್ತೆ ಕೊಟ್ಟು ನೋಡಿ. ಮಳೆ ಬಿದ್ದ ಮೇಲೆ ಹಿಡಿದು ಟೆಸ್ಟ್ ಟ್ಯೂಬಿನಲ್ಲಿ ಇಟ್ಟ ಕಟ್ಟಿರುವೆ ರಾಣಿಗೂ ಅಷ್ಟೇ. ಮೊದಲ ಕೆಲಸಗಾರ ಇರುವೆಗಳು ಹೊರಬರುವ ತನಕ ಆಕೆ ಮೈಯಲ್ಲಿರುವ ಕೊಬ್ಬು, ರೆಕ್ಕೆಯ ಸ್ನಾಯು ಕರಗಿಸಿಕೊಂಡೇ ಸಾಕುತ್ತಾಳೆ. ಆಗ ಹುಳ ತುರುಕಿದರೆ ಆಕೆಗೆ ಗಾಬರಿ, ಟ್ಯೂಬಿಗೆ ಬೂಷ್ಟು. ಸುಮ್ನೆ ಬಿಟ್ಟುಬಿಡಿ.

ಮರಿ ಇದ್ದೂ ತಿನ್ನುತ್ತಿಲ್ಲ ಅಂದರೆ ಹುಳವನ್ನು ನೋಡಿ. ಫ್ರೀಜರ್‌ನಿಂದ ತೆಗೆದು ಹಾಗೇ ಹಾಕಿದಿರಾ? ತಣ್ಣಗಿನ ಹುಳದ ವಾಸನೆ ಇರುವೆಗೆ ಸರಿಯಾಗಿ ಸಿಗುವುದಿಲ್ಲ. ಕಾಲು ಗಂಟೆ ಹೊರಗಿಟ್ಟು, ಮೇಲಿನ ನೀರನ್ನು ಟಿಶ್ಯೂ ಕಾಗದದಲ್ಲಿ ಒತ್ತಿ ಕೊಡಿ. ಇಡೀ ಹುಳ ಹಾಕಿದಿರಾ? ಮೀಲ್‌ವರ್ಮ್ (ಬೂಸಾ ತಿಂದು ಬೆಳೆಯುವ ಒಂದು ಜೀರುಂಡೆಯ ಮರಿಹುಳ) ಚರ್ಮ ಗಟ್ಟಿ. ಸಣ್ಣ ಇರುವೆಗಳಿಗೆ ಅದು ಮುಚ್ಚಿದ ಡಬ್ಬಿ ಇದ್ದ ಹಾಗೆ, ಒಳಗೆ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಬ್ಲೇಡಿನಲ್ಲಿ ಅಡ್ಡಡ್ಡ ಕತ್ತರಿಸಿ, ಒಳಗಿನ ಬಿಳಿ ತಿರುಳು ಹೊರಗೆ ಕಾಣಬೇಕು. ಈಗ ತಾನೇ ಪೊರೆ ಕಳಚಿದ ಬಿಳೀ ಮೀಲ್‌ವರ್ಮ್ ಸಿಕ್ಕರೆ ಅದನ್ನು ಹೊಸ ಗೂಡುಗಳಿಗೆ ಎತ್ತಿಡಿ. ಅದರ ಚರ್ಮ ಮೆತ್ತಗಿರುತ್ತದೆ.

ಒಣಗಿಸಿ ಪೊಟ್ಟಣ ಕಟ್ಟಿದ ಮೀಲ್‌ವರ್ಮ್ ಕೊಡುತ್ತಿದ್ದರೆ ಉತ್ತರ ಅಲ್ಲೇ ಇದೆ. ಅದರಲ್ಲಿ ರಸವೇ ಇಲ್ಲ. ಬಿಸಿ ನೀರಿನಲ್ಲಿ ನೆನೆಸಿ ಕೊಟ್ಟರೆ ಕೆಲವು ಗೂಡು ತಿನ್ನುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ. ನನ್ನ ಮಟ್ಟಿಗೆ ಅದು ತುರ್ತಿಗೆ ಮಾತ್ರ.

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಚಳಿ ಚೆನ್ನಾಗಿಯೇ ಇಳಿಯುತ್ತದೆ. ಆ ದಿನಗಳಲ್ಲಿ ಮರಿಗಳು ನಿಧಾನ ಬೆಳೆಯುತ್ತವೆ, ಊಟವೂ ಕಡಿಮೆ. ಹುಳದ ಪ್ರಮಾಣ ಅರ್ಧ ಮಾಡಿ ಕಾಯಿರಿ. ಹಾಕಿದ್ದನ್ನು ತಿನ್ನದಿದ್ದರೆ ಮಾರನೇ ದಿನ ಎತ್ತಿಬಿಡಿ.

ಜಿಗಿಯುವ ಇರುವೆ ಸಾಕುವವರಿಗೆ ಒಂದು ಮಾತು. ಅದು ಬೇಟೆಗಾರ, ಓಡಾಡುವ ಹುಳ ಕಂಡರೇ ಕೈಹಾಕುವುದು. ಮೇಲಿನ ಲೆಕ್ಕಗಳು ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಉಳಿದ ಇರುವೆಗಳಿಗೆ ಸತ್ತ ಹುಳವೇ ವಾಸಿ. ಬದುಕಿರುವ ಸೂಪರ್‌ವರ್ಮ್ (ಮೀಲ್‌ವರ್ಮ್‌ನಂಥದೇ, ದೊಡ್ಡ ಜಾತಿ) ಚೆನ್ನಾಗಿ ಕಚ್ಚುತ್ತದೆ, ಕ್ರಿಕೆಟ್ ಹುಳ (ರಾತ್ರಿ ಕಿರ್ ಅನ್ನುವ ಹುಳ) ಗೂಡಿನೊಳಗೆ ನುಗ್ಗಿದರೆ ಮರಿಗಳನ್ನೇ ತಿನ್ನಬಹುದು.

ಡಬ್ಬಿಯಲ್ಲಿ ಹುಳ ತಾವಾಗಿಯೇ ಸಾಯುತ್ತಿವೆ

ಮುಚ್ಚಳ ತೆಗೆದು ಮೂಸಿ ನೋಡಿ. ಕಣ್ಣು ಉರಿಯುವಂಥ ಅಮೋನಿಯಾ ವಾಸನೆ ಬಂದರೆ ಹಿಕ್ಕೆ ಒದ್ದೆಯಾಗಿದೆ, ಗಾಳಿ ಸಾಲದು. ಜರಡಿ ಹಿಡಿದು ಹಿಕ್ಕೆ ತೆಗೆಯಿರಿ, ಒಣ ಗೋಧಿ ಬೂಸಾ ಹಾಕಿ, ಮುಚ್ಚಳದಲ್ಲಿ ತೂತು ಜಾಸ್ತಿ ಮಾಡಿ. ಹುಳಿ ವಾಸನೆ ಬಂದರೆ ತರಕಾರಿ ತುಂಡು ಕೊಳೆತಿದೆ. ಒಂದು ದಿನದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು.

ವಾಸನೆ ಏನೂ ಇಲ್ಲ, ಆದರೂ ಹುಳ ಕಪ್ಪಾಗಿ ಬಿದ್ದಿವೆ ಅಂದರೆ ಜಾಗ ನೋಡಿ. ಮೀಲ್‌ವರ್ಮ್ ಫ್ರಿಜ್ಜಿನ ಬಾಗಿಲ ಕಡೆ ಇಟ್ಟರೆ ನಿದ್ದೆ ಮಾಡಿದಂತೆ ಇರುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹೊರಗೆ ತೆಗೆದು, ಒಂದು ದಿನ ಕ್ಯಾರೆಟ್ ತಿನ್ನಿಸಿ ಮತ್ತೆ ಒಳಗಿಡಬಹುದು. ಸೂಪರ್‌ವರ್ಮ್ ಹಾಗಲ್ಲ, ಫ್ರಿಜ್ಜಿಗೆ ಹೋದರೆ ಸಾಯುತ್ತದೆ. ನೋಡಲು ಎರಡೂ ಅಣ್ಣ ತಮ್ಮಂದಿರಂತೆ ಕಾಣುವುದರಿಂದ ಅಂಗಡಿಯಲ್ಲಿ ಯಾವುದು ಅಂತ ಕೇಳಿಯೇ ತನ್ನಿ. ಕ್ರಿಕೆಟ್ ಹುಳಕ್ಕೂ ಫ್ರಿಜ್ ಬೇಡ. ಅವು ಸಾಯುವುದು ಹೆಚ್ಚಾಗಿ ಒತ್ತೊತ್ತಾಗಿ ತುಂಬಿದಾಗ ಅಥವಾ ನೀರಿನ ಬಟ್ಟಲಲ್ಲಿ ಮುಳುಗಿ. ಬಟ್ಟಲಿಗೆ ಹತ್ತಿ ತುಂಬಿಡಿ.

ಸಾಯುವ ಹುಳ ಬೆನ್ನ ಮೇಲೆ ಬಿದ್ದು ಕಾಲು ಅಲ್ಲಾಡಿಸುತ್ತಿದ್ದರೆ ಇಲ್ಲಿ ನಿಲ್ಲಿಸಿ. ಆ ಡಬ್ಬಿಯಿಂದ ಇರುವೆಗೆ ಒಂದು ಹುಳವೂ ಹೋಗಬಾರದು. ಕೆಳಗೆ ನಡುಕದ ಭಾಗ ಓದಿ.

ಫ್ರೀಜರ್‌ನಿಂದ ತೆಗೆದ ಹುಳ ಕಪ್ಪಾಗಿದೆ

ಕಪ್ಪಾದದ್ದೆಲ್ಲ ಕೊಳೆತದ್ದಲ್ಲ. ಹುಳದ ರಕ್ತದಲ್ಲಿರುವ ಕಿಣ್ವ ಗಾಳಿ ಸೋಕಿದಾಗ ಕಪ್ಪು ಬಣ್ಣ ಕಟ್ಟುತ್ತದೆ. ಕತ್ತರಿಸಿದ ಬದನೆಕಾಯಿ ಕಂದಾಗುವುದಕ್ಕೂ ಕಾರಣ ಇದೇ ಜಾತಿಯ ಕಿಣ್ವ. ಹುಳ ಇನ್ನೂ ಗಟ್ಟಿಯಾಗಿ, ಕೆಟ್ಟ ವಾಸನೆ ಇಲ್ಲದೆ ಇದ್ದರೆ ಕೊಡಬಹುದು. ಮುಟ್ಟಿದರೆ ಪಿಚಕ್ಕನೆ ಒಡೆದು ನಾರುವ ನೀರು ಬಂದರೆ ಎಸೆಯಿರಿ.

ಕಪ್ಪಾಗುವುದೇ ಬೇಡ ಅಂದರೆ ಫ್ರೀಜರ್‌ಗೆ ಹಾಕುವ ಮೊದಲು ಬಿಸಿ ನೀರು ತೋರಿಸಿ. ಕ್ರಮ ಹೀಗೆ. ಹುಳಗಳನ್ನು ಒಂದು ದಿನ ಶುದ್ಧ ಬೂಸಾದಲ್ಲಿ ಬಿಟ್ಟು ತಿನ್ನಿಸಿ. ಜರಡಿ ಹಿಡಿಯಿರಿ. ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು ಅಲ್ಲಾಡದಂತೆ ಮಾಡಿ. ಆಮೇಲೆ ಟೀ ಸೋಸುವ ಜಾಲರಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಿರಿ. ಕಿಣ್ವ ಕೆಲಸ ನಿಲ್ಲಿಸುತ್ತದೆ, ಮೈಮೇಲಿನ ನುಸಿಯೂ ಸಾಯುತ್ತದೆ. ಬಟ್ಟೆಯ ಮೇಲೆ ಹರಡಿ ನೀರು ಆರಿದ ಮೇಲೆ, ಒಂದೊಂದು ಹೊತ್ತಿಗೆ ಆಗುವಷ್ಟು ಸಣ್ಣ ಪೊಟ್ಟಣ ಕಟ್ಟಿ ಫ್ರೀಜ್ ಮಾಡಿ. ಕುದಿಯುವ ನೀರಿನ ಕೆಲಸ ಮಕ್ಕಳ ಕೈಗೆ ಬೇಡ. ಆ ಜಾಲರಿ ಮತ್ತೆ ಟೀಗೆ ಹೋಗದಂತೆ ಬೇರೆ ಇಡಿ, ಮನೆಯವರ ಹತ್ತಿರ ಬೈಸಿಕೊಳ್ಳುವುದೂ ತಪ್ಪುತ್ತದೆ.

ಪೊಟ್ಟಣ ಹೊಸದು, ಆದರೂ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿವೆ ಅಂದರೆ ಕರೆಂಟನ್ನು ಅನುಮಾನಿಸಿ. ಹಳ್ಳಿ ಕಡೆ ಗಂಟೆಗಟ್ಟಲೆ ಕರೆಂಟ್ ಹೋದರೆ ಫ್ರೀಜರ್ ಕರಗಿ ಮತ್ತೆ ಗಟ್ಟಿಯಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಇದನ್ನು ಹಿಡಿಯಲು ಒಂದು ರೂಪಾಯಿ ಸಾಕು. ಪುಟ್ಟ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಮುಂದೆ ನೋಡಿದಾಗ ನಾಣ್ಯ ತಳ ಸೇರಿದ್ದರೆ ನಡುವೆ ಎಲ್ಲ ಕರಗಿತ್ತು ಅಂತ ಅರ್ಥ. ಆ ಪೊಟ್ಟಣಗಳನ್ನು ನಂಬಬೇಡಿ.

ಡಬ್ಬಿಯ ಅಂಚಿನಲ್ಲಿ ಕಂದು ಧೂಳು, ಅದು ಹರಿದಾಡುತ್ತದೆ

ನುಸಿ. ಅನುಮಾನವಿದ್ದರೆ ಒಂದು ಚಿಟಿಕೆ ಧೂಳನ್ನು ಕಪ್ಪು ಹಾಳೆಯ ಮೇಲೆ ಗುಪ್ಪೆ ಮಾಡಿ ಹತ್ತು ನಿಮಿಷ ಬಿಡಿ. ಹಿಕ್ಕೆಯಾದರೆ ಗುಪ್ಪೆ ಹಾಗೇ ಇರುತ್ತದೆ. ನುಸಿಯಾದರೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಬೆರಳಲ್ಲಿ ಉಜ್ಜಿದರೆ ಪುದೀನದಂಥ ವಾಸನೆಯೂ ಬರಬಹುದು.

ನುಸಿಗೆ ಬೇಕಾದದ್ದು ತೇವ. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಇದರ ಕಾಟ ಜಾಸ್ತಿ. ತರಕಾರಿ ತೆಗೆದುಹಾಕಿ ಡಬ್ಬಿಯನ್ನು ಕೆಲವು ದಿನ ಒಣಗಲು ಬಿಟ್ಟರೆ ಅರ್ಧ ಕಡಿಮೆಯಾಗುತ್ತದೆ. ಹುಳಗಳನ್ನು ಬೇರೆ ಡಬ್ಬಿಗೆ ಹಾಕಿ ಹಳೇ ಬೂಸಾ ಎಸೆಯಿರಿ. ಹೊಸ ಬೂಸಾ ಹಿಂಡಿ ಅಂಗಡಿಯಿಂದ ಬಂದದ್ದಾದರೆ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟೇ ಬಳಸಿ. ಅದರ ಜೊತೆ ನುಸಿ, ಹಿಟ್ಟಿನ ಹುಳ, ಬಲೆ ಕಟ್ಟುವ ಪತಂಗದ ಮರಿ ಎಲ್ಲ ಪುಕ್ಕಟೆ ಬರುತ್ತವೆ.

ಈ ನುಸಿ ಸಾಮಾನ್ಯವಾಗಿ ಇರುವೆಯನ್ನು ತಿನ್ನುವುದಿಲ್ಲ. ಆದರೆ ಒಂದು ಹಂತದಲ್ಲಿ ಹುಳಗಳ ಮೈಗೆ ಅಂಟಿಕೊಂಡು ಊರೂರು ಸುತ್ತುತ್ತದೆ. ಬದುಕಿರುವ ಹುಳ ಕೊಟ್ಟರೆ ನುಸಿಯನ್ನೂ ಗೂಡಿಗೆ ಬಿಟ್ಟ ಹಾಗೆ. ಬಿಸಿ ನೀರು ತೋರಿಸಿದ ಹುಳ ಕೊಟ್ಟರೆ ಆ ಚಿಂತೆ ಇಲ್ಲ. ಇರುವೆಯ ಮೈಮೇಲೇ, ಕುತ್ತಿಗೆ ಸಂದಿಯಲ್ಲಿ, ಗುಂಡಗೆ ಅಂಟಿಕೊಂಡ ಕಾಳುಗಳು ಕಂಡರೆ ಅದು ಬೇರೆ ವಿಷಯ. ಆಗ ಬಲ್ಲವರಿಗೆ ತೋರಿಸಿ. ನುಸಿನಾಶಕ ಸಿಂಪಡಿಸಲು ಮಾತ್ರ ಹೋಗಬೇಡಿ.

ಗೂನು ಬೆನ್ನಿನ ಪುಟ್ಟ ನೊಣಗಳು ತಡೆತಡೆದು ಓಡುತ್ತಿದ್ದರೆ ಎಲ್ಲೋ ಸತ್ತ ಹುಳ ಉಳಿದಿದೆ. ಹುಡುಕಿ ತೆಗೆಯಿರಿ.

ಹುಳದ ಮೇಲೆ ಬಿಳಿ ಕಟ್ಟಿದೆ

ಕೊಟ್ಟು ಎರಡು ದಿನವಾದ ತುಂಡಿನ ಮೇಲೆ ನವಿರಾದ ಬೂದು ಅಥವಾ ಹಸಿರು ಬೂಷ್ಟು ಬಂದರೆ ಹೆದರಬೇಡಿ. ಮಿಕ್ಕಿದ ಮೇವು ಒದ್ದೆಯಲ್ಲಿ ಇದ್ದರೆ ಹಾಗೇ ಆಗುತ್ತದೆ. ಮೇವಿನ ಅಂಗಳದಲ್ಲಿ (ಗೂಡಿಗೆ ಪೈಪ್ ಜೋಡಿಸಿದ, ಮೇವು ಹಾಕುವ ಜಾಗ) ಬಾಟಲಿ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡರೆ ಎತ್ತುವುದು ಸುಲಭ.

ಬದುಕಿದ್ದ ಹುಳ ಸತ್ತು, ಗಟ್ಟಿಯಾಗಿ, ಸೀಮೆಸುಣ್ಣದ ತುಂಡಿನಂತಾಗಿದ್ದರೆ ಮಾತ್ರ ಹುಷಾರು. ರೇಷ್ಮೆ ಬೆಳೆಯುವವರಿಗೆ ಇದು ಹೊಸದಲ್ಲ. ಅವರು ಸುಣ್ಣಕಟ್ಟು ರೋಗ ಅನ್ನುವುದು ಇದನ್ನೇ. ಕಾರಣ ಬೇವೇರಿಯಾ ಎಂಬ ಶಿಲೀಂಧ್ರ. ಅದಕ್ಕೆ ರೇಷ್ಮೆ ಹುಳವೇ ಆಗಬೇಕೆಂದಿಲ್ಲ, ನೂರಾರು ಜಾತಿಯ ಕೀಟಗಳಿಗೆ ತಗಲುತ್ತದೆ, ಇರುವೆಗೂ ಸೇರಿ. ಕೀಟ ಹತೋಟಿಗೆ ಅದನ್ನೇ ಪುಡಿ ಮಾಡಿ ಮಾರುವುದೂ ಉಂಟು. ಅಂಥ ಹುಳ ಕಂಡ ಡಬ್ಬಿಯನ್ನು ಅಲುಗಾಡಿಸದೆ, ಮೂಸದೆ, ಕವರಿನಲ್ಲಿ ಕಟ್ಟಿ ಸುಟ್ಟುಬಿಡಿ ಅಥವಾ ಆಳವಾಗಿ ಹೂಳಿ. ಹುಳ ಸಾಕಣೆ ಮನೆಯ ಹತ್ತಿರವಂತೂ ಎಸೆಯಲೇಬಾರದು. ಅವರ ಬೆಳೆಯ ಪ್ರಶ್ನೆ.

ರೇಷ್ಮೆ ಹುಳ, ಪ್ಯೂಪ ಕೊಟ್ಟ ಮೇಲೆ ತೊಂದರೆ

ಶಿಡ್ಲಘಟ್ಟದಂಥ ರೇಷ್ಮೆ ಗೂಡಿನ ಮಾರುಕಟ್ಟೆ ಪಕ್ಕದಲ್ಲಿದ್ದು ಮೀಲ್‌ವರ್ಮ್‌ಗೆ ದುಡ್ಡು ಕೊಡಬೇಕಾ ಅಂತ ಎಲ್ಲರಿಗೂ ಅನಿಸುತ್ತದೆ. ಸಾಕಣೆ ಮನೆಯಲ್ಲಿ ಕೇಳಿದರೆ, "ತಗೊಂಡು ಹೋಗಪ್ಪಾ, ಹೇಗೂ ಎಸೆಯೋದೇ" ಅಂತ ಒಂದು ಬುಟ್ಟಿ ಹುಳ ಕೊಟ್ಟೇ ಕೊಡುತ್ತಾರೆ. ಆದರೆ ಎಸೆಯುವ ಹುಳ ಯಾವುದು ಯೋಚಿಸಿ. ಹಾಲು ತೊಂಡೆ, ಸಪ್ಪೆ ರೋಗ ಅನ್ನುವ ರೇಷ್ಮೆ ಹುಳದ ಕಾಯಿಲೆ ಬಂದದ್ದು, ಜ್ವರದಿಂದ (ಪೊರೆ ಕಳಚುವ ಹೊತ್ತಿನ ನಿದ್ದೆಯಿಂದ) ಏಳದೆ ಉಳಿದದ್ದು. ಅದರ ಮೇಲೆ ಸುಣ್ಣ, ಸೋಂಕು ನಿವಾರಕ ಪುಡಿ ಬೇರೆ ಬಿದ್ದಿರುತ್ತದೆ. ನಾನು ಅವನ್ನು ಮುಟ್ಟುವುದಿಲ್ಲ. ಕೇಳುವುದಾದರೆ ಹಣ್ಣಾಗುವ (ಗೂಡು ಕಟ್ಟಲು ತಯಾರಾಗುವ) ಮೊದಲಿನ, ಚುರುಕಾಗಿ ಸೊಪ್ಪು ತಿನ್ನುವ ನಾಲ್ಕು ಹುಳ ಕೇಳಿ, ಬೇಕಾದರೆ ದುಡ್ಡು ಕೊಡಿ.

ಹಸಿ ರೇಷ್ಮೆ ಗೂಡು ತಂದಿಟ್ಟ ಡಬ್ಬಿಯಲ್ಲಿ ಬೆಳಗ್ಗೆ ಕೆನೆ ಬಣ್ಣದ ಹುಳ ಹರಿದಾಡುತ್ತಿದ್ದರೆ, ಗೂಡಿನಲ್ಲಿ ತೂತು ಬಿದ್ದಿದ್ದರೆ, ಅದು ರೇಷ್ಮೆ ಹುಳದ ಮೈಯೊಳಗೆ ಬೆಳೆಯುವ ಊಜಿ ನೊಣದ ಮರಿ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ರೈತರನ್ನು ಇನ್ನೂ ಬಿಟ್ಟಿಲ್ಲ. ನಿಮ್ಮ ಸಂಗ್ರಹಣೆಯಲ್ಲಿ ತಪ್ಪೇನಿಲ್ಲ, ಬರುವಾಗಲೇ ಒಳಗಿತ್ತು. ಮನೆ ಮುಂದೆ ಚೆಲ್ಲಬೇಡಿ. ಮಣ್ಣಿಗೆ, ಬಿರುಕಿಗೆ ಇಳಿದು ನೊಣವಾಗಿ ಏಳುತ್ತದೆ. ಸೋಪಿನ ನೀರಿಗೆ ಹಾಕಿ ಕೊಲ್ಲಿ.

ರೀಲಿಂಗ್ ಘಟಕದ (ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಡೆಯ) ಪ್ಯೂಪ ಆಗಲೇ ಬೆಂದಿರುತ್ತದೆ, ಇರುವೆಗೆ ಇಷ್ಟವೂ ಹೌದು. ತೊಂದರೆ ಬರುವುದು ತಡಮಾಡಿದಾಗ. ಅದರಲ್ಲಿ ಕೊಬ್ಬು ಬಹಳ. ಬಿಸಿಲಿಗೆ ರಾಶಿ ಬಿದ್ದರೆ ಸಂಜೆಯೊಳಗೆ ಮುಗ್ಗಲು ಎಣ್ಣೆಯ ವಾಸನೆ ಹಿಡಿಯುತ್ತದೆ. ರಾಶಿಯಿಂದ ಬೇಡ, ಅವತ್ತಿನ ಬಟ್ಟಲಿನಿಂದ ಕೇಳಿ ತನ್ನಿ. ಬೇಯಿಸುವ ನೀರಿಗೆ ಸೋಡಾ ಹಾಕಿದ್ದಾರಾ ಅಂತಲೂ ಕೇಳಿ. ಮನೆಗೆ ಬಂದ ತಕ್ಷಣ ಮೂರು ನಾಲ್ಕು ನೀರಿನಲ್ಲಿ ತೊಳೆದು, ಒತ್ತಿ ಒಣಗಿಸಿ, ಫ್ರೀಜ್ ಮಾಡಿ. ಕೊಟ್ಟ ಕಡೆ ಎಣ್ಣೆ ಹರಡಿ ಇರುವೆಗಳ ಕಾಲು ಅಂಟುತ್ತಿದ್ದರೆ ತುಂಡು ದೊಡ್ಡದಾಯ್ತು ಅಂತ. ಕಡಲೆಕಾಳಿನಷ್ಟು ಸಾಕು.

ಮೇವು ಕೊಟ್ಟ ಕೆಲ ಹೊತ್ತಿನಲ್ಲಿ ಇರುವೆಗಳು ನಡುಗುತ್ತವೆ, ಬೆನ್ನ ಮೇಲೆ ಬೀಳುತ್ತವೆ

ಇದು ವಿಷ. ಉಳಿದ ಎಲ್ಲ ಕೆಲಸ ಬಿಡಿ.

ವಾರಕ್ಕೆ ಒಂದೆರಡು ಇರುವೆ ಸತ್ತು ಕಸದ ಮೂಲೆ ಸೇರುವುದು ಸಹಜ. ಆದರೆ ಹಲವು ಇರುವೆ ಒಟ್ಟಿಗೆ ಸುತ್ತು ಸುತ್ತು ತಿರುಗುವುದು, ಕಾಲು ಸೆಳೆಯುವುದು, ಮಗುಚಿ ಬಿದ್ದು ಏಳಲಾಗದೆ ಒದ್ದಾಡುವುದು ನರಕ್ಕೆ ಹೊಡೆಯುವ ಕೀಟನಾಶಕದ ಗುರುತು. ಕಾವಿನಿಂದ ಸುಸ್ತಾದ ಇರುವೆಗಳು ಹೀಗೆ ಮಾಡುವುದಕ್ಕಿಂತ ಮೊದಲು ಮರಿ ಎತ್ತಿಕೊಂಡು ತಣ್ಣಗಿನ ಮೂಲೆಗೆ ಓಡುತ್ತವೆ.

ಮೇವು ತಕ್ಷಣ ಎತ್ತಿ. ಮೇವಿನ ಅಂಗಳಕ್ಕೂ ಗೂಡಿಗೂ ನಡುವಿನ ಪೈಪನ್ನು ಹತ್ತಿಯಿಂದ ಮುಚ್ಚಿ. ನಡುಗುವ ಇರುವೆಗಳನ್ನು ವಾಪಸ್ ಗೂಡಿಗೆ ಬಿಡಬೇಡಿ. ತಿಂದ ರಸವನ್ನು ಅವು ಬಾಯಿಂದ ಬಾಯಿಗೆ ಹಂಚುತ್ತವೆ, ಕೊನೆಗೆ ಅದು ಮರಿಗೂ ರಾಣಿಗೂ ಮುಟ್ಟುತ್ತದೆ. ಹೊಸ ಹತ್ತಿಯಲ್ಲಿ ನೀರು, ಸಕ್ಕರೆ ನೀರು ಇಡಿ. ವಿಷಕ್ಕೆ ಮದ್ದು ಅಂತ ಏನೂ ಇಲ್ಲ.

ಆಮೇಲೆ ಮೂಲ ಹುಡುಕಿ. ಹುಳದ ಡಬ್ಬಿಯಲ್ಲಿ ಬದುಕಿರುವ ಹುಳಗಳೂ ಮಗುಚಿ ಬೀಳುತ್ತಿದ್ದರೆ ವಿಷ ಅವುಗಳ ಊಟದಲ್ಲಿದೆ. ಟೊಮೆಟೊ, ಕೋಸು, ಮಾರುಕಟ್ಟೆಯ ಸೊಪ್ಪು ಹಾಕಿದ್ದಿರಾ? ತೊಳೆದರೆ ಮೇಲಿನದು ಹೋಗುತ್ತದೆ. ಗಿಡದ ಒಳಗೆ ಇಳಿಯುವ ಔಷಧಿ ತೊಳೆದರೂ, ಸಿಪ್ಪೆ ತೆಗೆದರೂ ಹೋಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಕಡೆ ಒಂದು ಒಳ್ಳೇ ದಾರಿ ಇದೆ. ಅವತ್ತು ರೇಷ್ಮೆ ಹುಳಕ್ಕೆಂದೇ ಕೊಯ್ದ ಹಿಪ್ಪುನೇರಳೆ ಸೊಪ್ಪಿನಿಂದ ನಾಲ್ಕು ಎಲೆ ತನ್ನಿ. ರೇಷ್ಮೆ ಹುಳ ಔಷಧಿಗೆ ಬಹಳ ಬೇಗ ಬೀಳುತ್ತದೆ. ವಿಷದ ಸೊಪ್ಪು ತಿಂದರೆ ತಲೆ ಆಡಿಸುತ್ತದೆ, ರಸ ಕಕ್ಕುತ್ತದೆ, ಮೈ ಕುಗ್ಗುತ್ತದೆ. ಹಾಗಾಗಿ ಯಾವ ರೈತನೂ ಅನುಮಾನದ ಸೊಪ್ಪು ತನ್ನ ಹುಳಕ್ಕೆ ಹಾಕುವುದಿಲ್ಲ. ಅವರ ಹುಳ ಚೆನ್ನಾಗಿದ್ದರೆ ಆ ಸೊಪ್ಪು ನಿಮ್ಮ ಕ್ರಿಕೆಟ್ ಹುಳಕ್ಕೂ ಸರಿ.

ಡಬ್ಬಿಯ ಹುಳ ಚೆನ್ನಾಗಿವೆ, ಕೊಟ್ಟದ್ದು ಹೊಲದ ಮಿಡತೆ ಅಥವಾ ಮನೆಯ ಜಿರಳೆ ಅಂದರೆ ಉತ್ತರ ಸಿಕ್ಕಿತು. ಟೊಮೆಟೊ, ದ್ರಾಕ್ಷಿ, ಹೂವಿನ ತೋಟದ ಬದುವಿನಲ್ಲಿ ಹಿಡಿದ ಮಿಡತೆ ನಾನಂತೂ ಕೊಡುವುದಿಲ್ಲ. ಸುಲಭವಾಗಿ ಕೈಗೆ ಸಿಕ್ಕ ಮಿಡತೆ ಇನ್ನೂ ಅನುಮಾನದ್ದು, ಯಾಕೆ ಓಡಲಿಲ್ಲ ಅದು? ಮೊದಲ ಮಳೆಗೆ ಏಳುವ ಈಸಲು ಹುಳ (ರೆಕ್ಕೆ ಬಂದ ಗೆದ್ದಲು) ಇದಕ್ಕಿಂತ ಎಷ್ಟೋ ವಾಸಿ. ನಮ್ಮ ಕಡೆ ಹುರಿದು ತಿನ್ನುವವರೇ ಇದ್ದಾರೆ, ಇರುವೆಗಂತೂ ಹಬ್ಬ. ರೆಕ್ಕೆ ಉದುರಿಸಿ ಫ್ರೀಜ್ ಮಾಡಬಹುದು. ಗೆದ್ದಲಿಗೆ ಔಷಧಿ ಹಾಕಿಸಿದ ಮನೆ, ಸೊಳ್ಳೆಗೆ ಹೊಗೆ ಹೊಡೆದ ಬೀದಿ ದೀಪದ ಕೆಳಗೆ ಹಿಡಿಯಬೇಡಿ ಅಷ್ಟೇ.

ಮೇವಿನಲ್ಲಿ ಏನೂ ಸಿಗದಿದ್ದರೆ ಕೋಣೆ ನೋಡಿ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಜಿರಳೆ ಸ್ಪ್ರೇ, ಇರುವೆ ಚಾಕ್, ನಾಯಿಗೆ ಉಣ್ಣಿ ಔಷಧಿ ಹಚ್ಚಿದ ಕೈ. ಹುಳ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಮುಂದಿನ ಸಲದಿಂದ ಹೊಸ ಹುಳ ಬಂದರೆ ನಾಲ್ಕೈದು ದಿನ ನಿಮ್ಮದೇ ಬೂಸಾದಲ್ಲಿ ಇಟ್ಟು ನೋಡಿ. ಆಮೇಲೆ ನಾಲ್ಕು ಇರುವೆಗಳನ್ನು ಬೇರೆ ಡಬ್ಬಿಗೆ ತೆಗೆದು ಒಂದು ತುಂಡು ಕೊಡಿ. ಮಾರನೇ ದಿನ ಅವು ಸರಿಯಿದ್ದರೆ ಗೂಡಿಗೆ ಕೊಡಿ. ಗೂಡು ದೊಡ್ಡದಾದಷ್ಟೂ ಈ ಒಂದು ದಿನದ ತಡ ಲಾಭವೇ.

ಜರಡಿ ಹಿಡಿದಾಗ ನಿಮಗೇ ಸೀನು, ತುರಿಕೆ

ಮೀಲ್‌ವರ್ಮ್ ಪೊರೆ, ಜಿರಳೆ ಹಿಕ್ಕೆ, ನುಸಿ ಧೂಳು ಎಲ್ಲವೂ ಅಲರ್ಜಿ ತರುತ್ತವೆ. ಜರಡಿ ಕೆಲಸ ಮನೆಯೊಳಗೆ ಬೇಡ, ಹೊರಗೆ ಮಾಸ್ಕ್, ಗ್ಲೌಸ್ ಹಾಕಿ ಮಾಡಿ. ಸೀಗಡಿ ತಿಂದರೆ ಆಗದವರಿಗೆ ಈ ಹುಳಗಳೂ ಆಗದಿರಬಹುದು. ಆಸ್ತಮಾ ಇರುವವರು ಕೆಲಸವನ್ನು ಬೇರೆಯವರಿಗೆ ಬಿಡುವುದೇ ಸರಿ. ಸೀನು ಹೋಗಿ ಉಬ್ಬಸ ಶುರುವಾದರೆ, ಮುಖ ತುಟಿ ಊದಿಕೊಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಫ್ರೀಜರ್‌ನಲ್ಲಿ ಹುಳದ ಪೊಟ್ಟಣ ಗಾಳಿಯಾಡದ ಡಬ್ಬಿಯೊಳಗೆ, ಹೆಸರು ಬರೆದು, ಊಟದ ಸಾಮಾನಿನಿಂದ ದೂರ ಇರಲಿ.

ಯಾರ ಹತ್ತಿರ ಕೇಳುವುದು

ಹುಳ ಮತ್ತೆ ಮತ್ತೆ ಗುಂಪಾಗಿ ಸಾಯುತ್ತಿದ್ದರೆ, ಸುಣ್ಣ ಕಟ್ಟಿದ್ದು ಕಂಡರೆ, ನುಸಿ ಇರುವೆ ಮೈಗೆ ಹತ್ತಿದ್ದರೆ ಮನೆ ಮದ್ದು ನಿಲ್ಲಿಸಿ. ರೇಷ್ಮೆ ಹುಳದ ರೋಗಕ್ಕೆ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರ ಇದೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೀಟ ಗುರುತಿಸಬಲ್ಲವರು ಸಿಗುತ್ತಾರೆ. ಚಿಂತಾಮಣಿ, ಕೋಲಾರದ ಟಮಕ, ತುಮಕೂರಿನ ಹಿರೇಹಳ್ಳಿಯಲ್ಲಿ ಅವು ಇವೆ. ಇರುವೆ ಸಾಕುತ್ತೇನೆ ಅಂದರೆ ಒಮ್ಮೆ ನಗಬಹುದು, ಆದರೂ ನೋಡಿ ಹೇಳುತ್ತಾರೆ. ಸತ್ತ ಹುಳ ಹತ್ತು, ಒಂದು ಹಿಡಿ ಬೂಸಾ, ತಿನ್ನಿಸಿದ ತರಕಾರಿಯ ತುಂಡು, ಮೂರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಯಾವತ್ತು ಎಲ್ಲಿಂದ ತಂದದ್ದು ಅಂತ ಚೀಟಿ ಅಂಟಿಸಿ ಒಯ್ಯಿರಿ. ನುಸಿ, ನೊಣ ಇರುವ ಬಾಟಲಿಯನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ಆಮೇಲೆ ತೆಗೆದುಕೊಂಡು ಹೋಗಿ.